ಕೊಂದವನ ಕಾರಣವನ್ನು ಕೇಳಬೇಕೆ?
(ಅರಕೆರೆಯ ಸಭೆಯಲ್ಲಿ ಮಾಡಿದ ಭಾಷಣ)



ಬಾಂಬು ಸಿಡಿಸಿ ಜನರನ್ನು ಕೊಂದವನ ಪ್ರೇರಣೆಯನ್ನು ವಿಚಾರಿಸುವುದೆಂದರೆ ಅವನ ಪಕ್ಷ ವಹಿಸಿದಂತಲ್ಲವೆ ಎಂದು ನಿಮ್ಮಲ್ಲಿ ಉಪಾಧ್ಯಾಯರೊಬ್ಬರು ನಮ್ಮನ್ನು ಕೇಳಿದರು. ಉಚಿತವಾದ ಪ್ರಶ್ನೆಯೇ. ಉತ್ತರವನ್ನು ದೂರದೇಶಗಳಲ್ಲಿ ಹುಡುಕಬೇಕಾಗಿಲ್ಲ. ನಿಮ್ಮ ಸೀಮೆಯನ್ನು ಹಾದುಹೋಗುವ ಕಾವೇರಿಯು ಮುಂದೆ ಇದೇ ಜಿಲ್ಲೆಯ ಮುತ್ತತ್ತಿಯನ್ನು ಮುಟ್ಟುತ್ತಾಳೆ. ಹನುಮಂತರಾಯನ ದರ್ಶನಕ್ಕೆಂದು ನಾವೆಲ್ಲರೂ ಹೋಗುವ ಆ ಊರಿನಲ್ಲಿ, 1991ರ ಆಗಸ್ಟಿನಲ್ಲಿ, ಅಡಗಿದ್ದ ಈಳಂ ಹುಲಿಗಳು ಪೊಲೀಸರು ಸುತ್ತುವರಿದಾಗ ಸಯನೈಡನ್ನು ನುಂಗಿ ಪ್ರಾಣಬಿಟ್ಟರು. ಅದೇ ತಿಂಗಳ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶಿವರಾಸನ್ ಮೊದಲಾದ ಏಳು ಮಂದಿ ಹೆಣಗಳಾಗಿ ಸಿಕ್ಕಿದರು. ಮೇ 21ರ ರಾತ್ರಿ ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರನ್ನು ಬಲಿಗೊಂಡ ಸಂಚಿನ ಕೊನೆಯ ಅಂಕವು ಹೀಗೆ ನಮ್ಮ ನಾಡಿನಲ್ಲೇ ನಡೆಯಿತು.

ಅವರಿಗೆ ಕಾರಣವಿರಲಿಲ್ಲವೆ? ಇದ್ದಿತು. 1956ರ ನವೆಂಬರ್ 1ರಂದು ಕನ್ನಡಿಗರಲ್ಲಿ ಬಹುಭಾಗವು ಒಂದು ರಾಜ್ಯದಲ್ಲಿ ಸೇರಿತಷ್ಟೆ. (ಕಾಸರಗೋಡು ಹೊರಗುಳಿದ ನೋವು ಇಂದಿಗೂ ಆರಿಲ್ಲ, ಅದಕ್ಕಾಗಿ ನಾವು ಅರ್ಜಿಗಳನ್ನು ಬರೆದೆವು, ಮದ್ದು ಕಟ್ಟಲಿಲ್ಲ.) ಅದೇ ವರ್ಷ ಸಿಂಹಳವೊಂದೇ ರಾಜ್ಯಭಾಷೆಯೆಂಬ ಶಾಸನವು ಲಂಕೆಯಲ್ಲಿ ಹುಟ್ಟಿತು. 1981ರಲ್ಲಿ ಜಾಫ್ನಾದ ಪುಸ್ತಕಭಂಡಾರವನ್ನು ಸುಟ್ಟರು. 1983ರ ಜುಲೈಯಲ್ಲಿ ಕೊಲಂಬೋ ನಗರದ ಬೀದಿಗಳಲ್ಲಿ ತಮಿಳರನ್ನು ಹುಡುಕಿ ಕೊಂದರು. ನುಡಿಗಾಗಿ ನೊಂದ ನಮಗೆ ಈ ಸಂಕಟವು ತಿಳಿಯದೆ ಹೋಗದು. 1987ರಲ್ಲಿ ಶಾಂತಿಪಾಲನೆಗೆಂದು ಅಲ್ಲಿಗೆ ಹೋದ ನಮ್ಮ ಸೇನೆಯು ಹುಲಿಗಳೊಡನೆಯೇ ಕಾದಬೇಕಾಯಿತು. ನಮ್ಮ ಸೈನಿಕರು 1,000ಕ್ಕೂ ಮೀರಿ ಮಡಿದರು, ನಿರಾಯುಧರಾದ ತಮಿಳರೂ ಸತ್ತರು. ರಾಜೀವರು ಮತ್ತೆ ಅಧಿಕಾರಕ್ಕೆ ಬಂದರೆ ಆ ಸೇನೆಯೂ ಮತ್ತೆ ಬಂದೀತೆಂಬ ಶಂಕೆಯೇ ಸಂಚಿನ ಬೇರು.

ಕೊಲ್ಲುವೆನೆಂಬ ಸಂಕಲ್ಪವು ಬೇರೆ, ಆ ಸಂಕಲ್ಪಕ್ಕೆ ಹಚ್ಚಿದ ಕಾರಣವು ಬೇರೆ. ವಕೀಲಿ ವೃತ್ತಿಯವರಾದ ನಾವು ಮೊದಲು ಕಲಿಯುವ ಪಾಠಗಳಲ್ಲಿ ಇದೊಂದು. ಹಸಿದವನು ಕದ್ದರೂ ಕಳವು ಕಳವೇ. ದಂಡನೆಯನ್ನು ಅಳೆಯುವಾಗ ಮಾತ್ರ ಹಸಿವು ಎಣಿಕೆಗೆ ಬರುವುದು. ಈ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯವು 1998ರಲ್ಲಿ 26 ಮಂದಿಗೂ ಮರಣದಂಡನೆಯನ್ನು ವಿಧಿಸಿದ್ದಿತು. 1999ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರೇರಣೆಯನ್ನೇ ಒರೆಗೆ ಹಚ್ಚಿತು. ಒಬ್ಬ ವ್ಯಕ್ತಿಯನ್ನು ಕೊಲ್ಲುವುದು ಇವರ ಗುರಿಯಾಗಿತ್ತೇ ಹೊರತು ಸರ್ಕಾರವನ್ನು ಬೆದರಿಸುವುದಾಗಲಿ ಜನರಲ್ಲಿ ಭೀತಿಯನ್ನು ಬಿತ್ತುವುದಾಗಲಿ ಗುರಿಯಾಗಿತ್ತೆಂಬುದು ಸಿದ್ಧವಾಗಿಲ್ಲವೆಂದು ಹೇಳಿ, ಭಯೋತ್ಪಾದನೆಯ ಆರೋಪವನ್ನು ತಳ್ಳಿಹಾಕಿತು. 19 ಮಂದಿಯನ್ನು ಕೊಲೆಯ ಆರೋಪದಿಂದ ಬಿಟ್ಟಿತು. ಆದರೆ ಅದೇ ತೀರ್ಪು ನಾಲ್ವರ ಮರಣದಂಡನೆಯನ್ನು ಸ್ಥಿರಪಡಿಸಿ, ಮೂವರಿಗೆ ಜೀವಾವಧಿ ಶಿಕ್ಷೆಯನ್ನು ಕೊಟ್ಟಿತು. (ಆ ಗಲ್ಲುಶಿಕ್ಷೆಗಳು ತರುವಾಯ ರದ್ದಾಗಿ, ಏಳು ಮಂದಿಯೂ 2022ರಲ್ಲಿ ಹೊರಬಂದರು.) ಕಾರಣದ ವಿಚಾರಣೆಯಿಂದ ಅಪರಾಧದ ಹೆಸರು ಬದಲಾಯಿತು, ಕೊಲೆ ಅಳಿಯಲಿಲ್ಲ. ಕಾವಲಿಗೆ ನಿಂತಿದ್ದ ಪೊಲೀಸರು ಅಂದು ಛಿದ್ರರಾದರಲ್ಲ, ಭೀತಿಯೆನ್ನಲು ಇನ್ನೇನು ಬೇಕು ಎಂದು ಕೇಳುವವರುಂಟು. ನಾವೂ ಕೇಳಿದವರೇ.

ಇನ್ನು ನಮಗೇ ಕಹಿಯಾದ ಮಾತು. 1942ರ ಸೆಪ್ಟೆಂಬರ್ 28ರಂದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಲ್ಲಿ ಹತರಾದರು; 1943ರ ಮಾರ್ಚಿನಲ್ಲಿ ಊರಿನ ಐವರನ್ನು ನೇಣಿಗೇರಿಸಿದರು. ಆ ಐವರನ್ನು ನಾವು ಹುತಾತ್ಮರೆಂದು ಪೂಜಿಸುತ್ತೇವೆ. ನಮ್ಮವರ ಪ್ರೇರಣೆಯನ್ನು ಇಷ್ಟು ಆದರದಿಂದ ಎಣಿಸುವ ನಾವು ಪರರದಕ್ಕೆ ಮಾತ್ರ ಕಿವಿ ಮುಚ್ಚಬಹುದೆ? ಭೇದವಿದೆ, ನಿಜ: ಅಲ್ಲಿ ಊರಿಗೆ ಬಂದ ಅಧಿಕಾರಿಗಳೆದುರು ಆ ಗಳಿಗೆಯಲ್ಲಿ ಎದ್ದ ಗಲಭೆ; ಇಲ್ಲಿ ತಿಂಗಳುಗಟ್ಟಲೆ ಹೆಣೆದ ಸಂಚು, ಹಾರ ಹಾಕುವ ನೆಪದಲ್ಲಿ ಯಾವ ಜಗಳಕ್ಕೂ ಸೇರದವರ ನಡುವೆ ಸಿಡಿದ ಮದ್ದು. ಆದರೆ ಭೇದವನ್ನು ಹೇಳಿ ಕೈ ತೊಳೆದುಕೊಳ್ಳಲಾರೆವು. ಸತ್ತ ಆ ಇಬ್ಬರೂ ಮೈಸೂರು ಸಂಸ್ಥಾನದ ಸಂಬಳದ ನೌಕರರು, ನಮ್ಮ ನಾಡವರೇ.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ಈಸೂರಿನ ಪಾಠದ ದಿನ ಐವರ ಹೆಸರುಗಳನ್ನು ಹಲಗೆಯ ಮೇಲೆ ಬರೆದಾಗ, ಅಮಲ್ದಾರ ಚೆನ್ನಕೃಷ್ಣಪ್ಪನವರ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರ ಹೆಸರುಗಳನ್ನೂ ಬರೆಯಿರಿ. ಇವರನ್ನೇಕೆ ಕೊಂದರೆಂದು ಯಾವನಾದರೂ ಹುಡುಗನು ಎದ್ದು ಕೇಳಿಯೇ ಕೇಳುವನು. ಕಂದಾಯದ ಕಥೆಯನ್ನೂ ಬಾವುಟದ ಕಥೆಯನ್ನೂ ಒಂದನ್ನೂ ಬಿಡದೆ ಆಗ ಅವನಿಗೆ ಹೇಳಿರಿ.