ಕೂಸಿನ ಹೆಗಲ ಮೇಲೆ



ಪಕ್ಕದ ಮನೆಯ ಹುಡುಗಿ ಓದಿ ಮುಗಿಸಿದ ಒಂದು ಇಂಗ್ಲಿಷ್ ಪ್ರಣಯ ಕಾದಂಬರಿ ಈ ವಾರ ನನ್ನ ಕೈಗೆ ಬಂತು. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪುಸ್ತಕಗಳು ಒಂದು ಕಾಲಕ್ಕೆ ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಸಾಲಾಗಿ ಕೂತಿರುತ್ತಿದ್ದವಲ್ಲ, ಅದೇ ಜಾತಿಯದು. ಒಮ್ಮೆ ಮೋಸಹೋಗಿ ಮನಸ್ಸಿಗೆ ಚಿಲಕ ಹಾಕಿಕೊಂಡ ಹೆಣ್ಣು, ಯಾರನ್ನೂ ಹತ್ತಿರ ಸೇರಿಸದ ಗಂಡು, ಇಬ್ಬರ ಮಡಿಲಿಗೆ ಬಂದುಬೀಳುವ ಒಂದು ತಬ್ಬಲಿ ಕೂಸು.

ಅವರಿಬ್ಬರ ನಡುವಿನ ಮಾತೆಲ್ಲ ಮೊದಮೊದಲು ಕೂಸಿನದೇ. ಹಾಲು ಕುಡಿಯಿತೆ, ತೇಗು ಬಂತೆ, ಮೈ ಬಿಸಿ ಇದೆಯೆ. ಒಂದು ನಡುರಾತ್ರಿ ಅವನು ಬಾಟಲಿಯ ಹಾಲನ್ನು ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಬಿಸಿ ನೋಡುತ್ತಿರುತ್ತಾನೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅವನ ಬಗ್ಗೆ ಅವಳಿಗೆ ತಿಳಿಯಬೇಕಾದದ್ದು ಅಲ್ಲೇ ತಿಳಿದುಹೋಗುತ್ತದೆ. ಇಂಥ ಪುಸ್ತಕಗಳನ್ನು ಹಗುರವಾಗಿ ಕಾಣುವವರಿದ್ದಾರೆ. ಆ ಪುಟ ಓದಿದ ಮೇಲೆ ನನಗೆ ಅದು ಆಗಲಿಲ್ಲ.

ಆದರೆ ಓದುತ್ತಿದ್ದಷ್ಟು ಹೊತ್ತೂ, ಮೊನ್ನೆ ಒಂದು ನಾಮಕರಣದ ಮನೆಯಲ್ಲಿ ಕೇಳಿದ ಮಾತು ಮನಸ್ಸನ್ನು ಕೊರೆಯುತ್ತಿತ್ತು. ಮುಖ ಕೊಟ್ಟು ಮಾತಾಡದ ಒಂದು ಎಳೆಯ ಜೋಡಿಯ ವಿಷಯ ಬಂದಾಗ ಹಿರಿಯರೊಬ್ಬರು, "ಒಂದು ಮಗು ಆಗ್ಲಿ ಬಿಡಿ, ಎಲ್ಲಾ ತಾನೇ ಸರಿಹೋಗುತ್ತೆ" ಅಂದರು. ಸುತ್ತ ಕೂತಿದ್ದವರು ಹೌದೆಂದು ತಲೆಯಾಡಿಸಿದರು. ಹೇಳಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೂ ನೋಡಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುವ ನಾವೇ, ಇನ್ನೂ ಹುಟ್ಟದ ಕೂಸಿಗೆ ಇಬ್ಬರು ದೊಡ್ಡವರ ಸಂಸಾರ ನೆಟ್ಟಗೆ ಮಾಡುವ ಕೆಲಸ ವಹಿಸಿಬಿಡುತ್ತೇವೆ. ಕತ್ತು ನಿಲ್ಲದ ಮಗುವಿನ ಹೆಗಲಿಗೆ ಎಷ್ಟು ಭಾರ! ಕಾದಂಬರಿಯ ಆ ಇಬ್ಬರು ತಮ್ಮ ಗಾಯ ಮಾಯಲೆಂದು ಕೂಸನ್ನು ಎತ್ತಿಕೊಂಡವರಲ್ಲ. ಅದು ಅಳುತ್ತಿತ್ತು, ಎತ್ತಿಕೊಂಡರು.

ಜಾರ್ಜ್ ಎಲಿಯಟ್ 1861ರಲ್ಲಿ ಪ್ರಕಟಿಸಿದ 'ಸೈಲಾಸ್ ಮಾರ್ನರ್' ಕಾದಂಬರಿಯಲ್ಲಿ, ಕೂಸಿಗಾಗಿ ಕೂಸನ್ನು ಎತ್ತಿಕೊಳ್ಳುವವರು, ತಮ್ಮ ಕೊರತೆ ನೀಗಲೆಂದು ಬಯಸುವವರು, ಈ ಎರಡೂ ಬಗೆಯವರಿದ್ದಾರೆ. ಸೈಲಾಸ್ ಒಬ್ಬ ನೇಕಾರ. ಗೆಳೆಯನೇ ಕಳ್ಳತನದ ಅಪವಾದ ಹೊರಿಸಿದ ಮೇಲೆ ಊರು ಬಿಟ್ಟು ಬಂದು, ಹದಿನೈದು ವರ್ಷ ಮಗ್ಗ ಮತ್ತು ಚಿನ್ನದ ನಾಣ್ಯ ಬಿಟ್ಟರೆ ಬೇರೇನೂ ಬೇಡವೆಂದು ಬದುಕಿದವನು. ಆ ನಾಣ್ಯವೂ ಕಳುವಾಗುತ್ತದೆ. ಹಿಮ ಬಿದ್ದ ರಾತ್ರಿ ತಾಯಿ ದಾರಿಯಲ್ಲೇ ಸತ್ತ ಒಂದು ಹೆಣ್ಣುಮಗು ತಪ್ಪುಹೆಜ್ಜೆ ಇಡುತ್ತಾ ಅವನ ಒಲೆಯ ಮುಂದೆ ಬಂದು ಮಲಗುತ್ತದೆ. ನೆರೆಯ ಡಾಲಿ ತನ್ನ ಮಗನ ಹಳೆಯ ಬಟ್ಟೆ ತಂದುಕೊಟ್ಟು, ಮೀಯಿಸುವುದು, ಉಡಿಸುವುದು ಹೇಳಿಕೊಡುತ್ತಾಳೆ.

ನೇಯುವಾಗ ಮಗು ದೂರ ಹೋಗದಿರಲೆಂದು ಅವನು ಅದರ ಸೊಂಟಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಮಗ್ಗಕ್ಕೆ ಕಟ್ಟುತ್ತಾನೆ. ಅದು ಅವನದೇ ಕತ್ತರಿಯಲ್ಲಿ ಪಟ್ಟಿ ಕತ್ತರಿಸಿಕೊಂಡು ಹೊರಟುಹೋಗುತ್ತದೆ. ಹೊಲವೆಲ್ಲ ಹುಡುಕಿದರೆ, ಕೊಳದ ಬದಿಯಲ್ಲಿ ಕೂತು ತನ್ನ ಪುಟ್ಟ ಬೂಟಿನಿಂದ ನೀರು ಮೊಗೆಯುತ್ತಿದೆ. ಶಿಕ್ಷೆಯೆಂದು ಒಂದು ಗಳಿಗೆ ಕಲ್ಲಿದ್ದಲು ಇಡುವ ಗೂಡಿನಲ್ಲಿ ಕೂರಿಸುತ್ತಾನೆ. ಆಚೆ ತೆಗೆದು, ತೊಳೆದು, ಒಗೆದ ಬಟ್ಟೆ ಹಾಕಿ ಅತ್ತ ತಿರುಗಿದರೆ ಅದು ಖುಷಿಯಿಂದ ಮತ್ತೆ ಅಲ್ಲೇ ಹೋಗಿ ಕೂತಿದೆ. ಅಂದಿಗೆ ಶಿಕ್ಷೆ ಕೊಡುವುದನ್ನೇ ಬಿಟ್ಟ. ಮುಚ್ಚಿಕೊಂಡಿದ್ದ ಆ ಮನುಷ್ಯ ಊರಿನ ಜನರೊಂದಿಗೆ ಮತ್ತೆ ಬೆರೆತದ್ದು ಈ ಮಗುವಿಗೆ ಏನೇನು ಬೇಕು ಎಂದು ಕೇಳುತ್ತಾ ಕೇಳುತ್ತಾ.

ಮಗುವಿನ ಹೆತ್ತ ತಂದೆ ಗಾಡ್‌ಫ್ರೇ ಅದೇ ಊರಿನ ಸಿರಿವಂತ. ಗುಟ್ಟು ಬಚ್ಚಿಟ್ಟು ನ್ಯಾನ್ಸಿಯನ್ನು ಮದುವೆಯಾದ. ಅವರಿಗೆ ಮಕ್ಕಳು ಉಳಿಯಲಿಲ್ಲ. ನ್ಯಾನ್ಸಿ ತಾನೇ ಹೊಲಿದ ಕೂಸಿನ ಬಟ್ಟೆಗಳು ಒಂದು ಡ್ರಾಯರಿನಲ್ಲಿ ವರ್ಷಗಟ್ಟಲೆ ಹಾಗೇ ಇದ್ದವು. ಒಂದು ಅಂಗಿ ಮಾತ್ರ ಇರಲಿಲ್ಲ. ಸತ್ತ ಕೂಸನ್ನು ಮಣ್ಣಿಗಿಡುವಾಗ ಆ ಅಂಗಿ ತೊಡಿಸಿದ್ದರು. ಮನೆಯ ಖಾಲಿತನ ತುಂಬಲಿಕ್ಕೆಂದು ಹದಿನಾರು ವರ್ಷದ ಮೇಲೆ ಗಾಡ್‌ಫ್ರೇ ಮಗಳನ್ನು ಕೇಳಲು ಹೋಗುತ್ತಾನೆ. ಅವಳು ಸೈಲಾಸನನ್ನು ಬಿಟ್ಟು ಬರಲಾರೆ ಎನ್ನುತ್ತಾಳೆ.

ಆದರೆ ನನಗೆ ಬಿಡದೆ ಕಾಡುವುದು ಅದಕ್ಕೆ ಕೆಲವೇ ಗಂಟೆ ಮೊದಲು ನಡೆದದ್ದು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವನು ಕಡೆಗೂ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳುತ್ತಾನೆ, ಇನ್ನು ಇವಳು ನನ್ನ ಮುಖ ನೋಡುವುದಿಲ್ಲವೆಂದು ಹೆದರುತ್ತಲೇ. ನ್ಯಾನ್ಸಿಯ ದನಿಯಲ್ಲಿ ಸಿಟ್ಟಿಲ್ಲ, ಸಂಕಟವಿದೆ: ಮೊದಲೇ ಹೇಳಿದ್ದರೆ, ನಿಮ್ಮ ಮಗುವೆಂದು ಗೊತ್ತಿದ್ದೂ ನಾನು ಬೇಡವೆನ್ನುತ್ತಿದ್ದೆನೆ?