ಆರಾಮಿದ್ದಾಗ ನುಂಗುವ ಗುಳಿಗೆ

ಕಾಯಿಲೆಯಾದಾಗ ಔಷಧಿ ತೆಗೆದುಕೊಳ್ಳುವುದು ದೊಡ್ಡ ಸಾಧನೆಯೇನಲ್ಲ. ಜ್ವರವೋ ನೋವೋ ಮಗ್ಗುಲಲ್ಲೇ ಕುಳಿತು ಒತ್ತಾಯ ಮಾಡುತ್ತಿರುತ್ತದೆ. ಎಂಥ ಸೋಮಾರಿಯೂ ಕೈ ಚಾಚುತ್ತಾನೆ. ಆದರೆ ಮೈಯಲ್ಲಿ ಯಾವ ನೋವೂ ಇಲ್ಲದಿರುವಾಗ, ಊಟ ರುಚಿಸುತ್ತಿರುವಾಗ, ನಿದ್ರೆ ಚೆನ್ನಾಗಿ ಬರುತ್ತಿರುವಾಗ, ಹನ್ನೆರಡು ಗಂಟೆಗೊಮ್ಮೆ, ವರ್ಷಗಟ್ಟಲೆ ಗುಳಿಗೆ ನುಂಗುವುದಿದೆಯಲ್ಲ, ಅದು ಬೇರೆಯೇ ಬಗೆಯ ಅಭ್ಯಾಸ. ಅದನ್ನು ಕಲಿಯುವುದಕ್ಕೆ ನಾನು ಒಂದು ದೊಡ್ಡ ತಪ್ಪನ್ನೇ ಮಾಡಬೇಕಾಯಿತು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವ ಸಲುವಾಗಿಯೇ ಈ ಹೊತ್ತು ಮಾತಿಗೆ ಕುಳಿತಿದ್ದೇನೆ.

ನನ್ನ ತವರು ಸಿರುಗುಪ್ಪ; ತುಂಗಭದ್ರೆಯ ನೀರು, ಭತ್ತದ ಗದ್ದೆ. ಕೊಟ್ಟ ಮನೆ ಕುರುಗೋಡು. ಬಂಡೆಗಲ್ಲಿನ ಬೆಟ್ಟ, ದೊಡ್ಡಬಸವೇಶ್ವರನ ನೆರಳು. ಅನ್ನಕ್ಕೆ ದಾರಿಯಾದದ್ದು ಬಳ್ಳಾರಿ ನಗರ. ಅಲ್ಲಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಈ ಮೂರು ಊರುಗಳಲ್ಲಿ ಭಾಷೆಯ ಬನಿ ಅಷ್ಟಿಷ್ಟು ಬೇರೆಯಾದರೂ ಬಿಸಿಲು ಮಾತ್ರ ಒಂದೇ. ನಮ್ಮಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. 2012ರಲ್ಲಿ ತೇರಿನ ದಿನ ಹಾಗೆಯೇ ಬಿಸಿಲಿನಲ್ಲಿ ನಿಂತು ಬಂದೆ. ಎರಡೂ ಕೆನ್ನೆಗಳ ಮೇಲೆ, ಮೂಗಿನ ಸೇತುವೆ ದಾಟಿ, ಕೆಂಪು ದದ್ದು ಹರಡಿತು. ಬಿಸಿಲಿಗೆ ಹೀಗಾಗಿದೆ ಎಂದು ಎಲ್ಲರೂ ಮಜ್ಜಿಗೆ ಕುಡಿಸಿದರು. ದದ್ದು ಇಳಿಯಿತು, ಬೆರಳ ಕೀಲುಗಳ ನೋವು ಉಳಿಯಿತು. ಶ್ರಾವಣದ ಹೊತ್ತಿಗೆ ಕಾಲುಂಗುರ ಬಿಗಿಯಾಗಿ, ಹಿಮ್ಮಡಿಯ ಮೇಲೆ ಒತ್ತಿದರೆ ಗುಳಿ ಬೀಳುವಷ್ಟು ಊತ ಬಂದಿತು. ಮೂತ್ರದಲ್ಲಿ ಹಾಲಿನ ನೊರೆಯಂಥ ನೊರೆ. ಇಪ್ಪತ್ತೇಳರ ಹರೆಯ, ಅದೆಲ್ಲವನ್ನೂ ಯಾರ ಹತ್ತಿರ ಹೇಳಿಕೊಳ್ಳುವುದು ಎಂಬ ಸಂಕೋಚ ಬೇರೆ.

ಬಳ್ಳಾರಿಯ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದೊಡನೆ ಗಂಭೀರರಾದರು. ಇಡೀ ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನು ಕೂಡಿಟ್ಟು ತರಬೇಕೆಂದರು. ಕುರುಗೋಡಿನಿಂದ ಬಸ್ಸಿನಲ್ಲಿ ಕ್ಯಾನನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಪಕ್ಕದ ಮುದುಕಿ ಬಹಳ ಹೊತ್ತು ಅದನ್ನೇ ನೋಡಿ, "ತುಪ್ಪ ಏನವ್ವಾ? ಸೇರಿಗೆ ಎಷ್ಟು?" ಎಂದು ಕೇಳಿದಳು. ಮಾರುವುದಕ್ಕಲ್ಲ ಎಂದೆ. ದುಃಖದ ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 150 ಮಿಲಿಗ್ರಾಂ ದಾಟಬಾರದ ಪ್ರೋಟೀನು ನನ್ನಲ್ಲಿ 4 ಗ್ರಾಂ ಹೋಗುತ್ತಿತ್ತು. ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ; ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬೇಕಾದುದನ್ನು ಮರಳಿಸಿ, ಬೇಡದ್ದನ್ನು ಮಾತ್ರ ಹೊರಗೆ ಬಿಡುತ್ತವೆ. ಆ ಜರಡಿ ಹರಿದರೆ ಕಸದೊಂದಿಗೆ ಕಾಳೂ ಹೋಗುತ್ತದೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಎಳೆಯಷ್ಟು ಚೂರನ್ನು ತೆಗೆದು ನೋಡಿದರು. ಲೂಪಸ್ ರೋಗವು ಮೂತ್ರಪಿಂಡಕ್ಕೆ ತಾಗಿದಾಗ ಅದನ್ನು ಆರು ವರ್ಗಗಳಾಗಿ ವಿಂಗಡಿಸುತ್ತಾರೆ. ನನ್ನದು ನಾಲ್ಕನೆಯದು, ತಡಮಾಡುವಂತಿಲ್ಲ ಎಂದು ಅದರ ಅರ್ಥ.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಹುಣ್ಣು ತೋಳ ಕಚ್ಚಿದಂತೆ ಕಾಣುತ್ತದೆಂದು ಯುರೋಪಿನ ಹಳೆಯ ವೈದ್ಯರು ಇಟ್ಟ ಹೆಸರು. ಆದರೆ ನಮ್ಮ ಸೀಮೆಯ ಕುರುಬರನ್ನು ಕೇಳಿದ್ದರೆ ಬೇರೆ ಹೆಸರು ಹೇಳುತ್ತಿದ್ದರು ಎಂದು ನನಗೆ ಎನ್ನಿಸುತ್ತದೆ. ಇಲ್ಲಿ ಹೊರಗಿನಿಂದ ಬಂದ ತೋಳವೇ ಇಲ್ಲ. ಹಿಂಡನ್ನು ಕಾಯಬೇಕಾದ ನಾಯಿಯೇ ಕುರಿಗಳನ್ನು ಕಚ್ಚಲು ತೊಡಗಿದೆ. ರೋಗಾಣುಗಳಿಂದ ಮೈಯನ್ನು ಕಾಯುವ ಬಿಳಿ ರಕ್ತಕಣಗಳು ತಮ್ಮವರು ಯಾರು, ಪರರು ಯಾರು ಎಂಬ ಗುರುತು ತಪ್ಪಿ, ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ಎರಗುತ್ತವೆ. ಈ ರೋಗ ಒಬ್ಬ ಗಂಡಸಿಗೆ ಬಂದರೆ ಸುಮಾರು ಒಂಬತ್ತು ಮಂದಿ ಹೆಂಗಸರಿಗೆ ಬರುತ್ತದೆ. ಅದೂ ಹೆಚ್ಚಾಗಿ ಹೆರುವ ಪ್ರಾಯದಲ್ಲಿ. ನಾಯಿಯನ್ನು ಕೊಲ್ಲುವಂತಿಲ್ಲ, ಅದಿಲ್ಲದೆ ಹಿಂಡು ಉಳಿಯದು. ಹಗ್ಗ ಹಾಕಿ ಕಟ್ಟಬೇಕು. ಕಟ್ಟಿದ ಹಗ್ಗ ತೀರ ಬಿಗಿಯಾದರೆ ನಿಜವಾದ ತೋಳ ಬಂದಾಗ ಅದು ಏಳಲಾರದು. ತೀರ ಸಡಿಲವಾದರೆ ಮತ್ತೆ ಕುರಿಗೇ ಬಾಯಿ ಹಾಕುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳೆಲ್ಲ ಈ ಹಗ್ಗದ ಜಾತಿಯವು.

ಮೊದಲು ಸ್ಟೆರಾಯ್ಡ್ ಕೊಟ್ಟರು. ಮುಖ ಪೂರ್ಣಚಂದ್ರನಾಯಿತು, ವಿದ್ಯಾರ್ಥಿಗಳು ಮೇಡಂ ದಪ್ಪಗಾಗಿದ್ದಾರೆಂದು ಸಂತೋಷಪಟ್ಟರು. ಜೊತೆಗೆ ಕೊಟ್ಟದ್ದು ಮೈಕೋಫಿನೊಲೇಟ್ ಎಂಬ ಗುಳಿಗೆ. 500 ಮಿಲಿಗ್ರಾಂನವು, ಬೆಳಿಗ್ಗೆ ಎರಡು, ರಾತ್ರಿ ಎರಡು. ಅದರ ಕೆಲಸವನ್ನು ವೈದ್ಯರು ಹೀಗೆ ತಿಳಿಸಿದರು. ಜೀವಕೋಶ ಒಂದು ಎರಡಾಗಬೇಕಾದರೆ ಕೆಲವು ಕಚ್ಚಾ ಸಾಮಗ್ರಿ ಬೇಕು. ಮಿಕ್ಕ ಜೀವಕೋಶಗಳು ಬಿದ್ದ ಮನೆಯ ಹಳೆಯ ಕಲ್ಲುಗಳನ್ನೇ ಆರಿಸಿಕೊಂಡು ಹೊಸ ಮನೆ ಕಟ್ಟಬಲ್ಲವು. ಗುರುತು ತಪ್ಪಿದ ಈ ಬಿಳಿಕಣಗಳಿಗೆ ಮಾತ್ರ ಹೊಸ ಕಲ್ಲೇ ಬೇಕು. ಗುಳಿಗೆ ಆ ಹೊಸ ಕಲ್ಲಿನ ಕ್ವಾರಿಯ ಬಾಗಿಲನ್ನು ಮುಚ್ಚುತ್ತದೆ. ಕಣಗಳು ಸಾಯುವುದಿಲ್ಲ, ಅವುಗಳ ಸಂತತಿ ಹೆಚ್ಚುವುದು ನಿಲ್ಲುತ್ತದೆ. ಹಾಗಾಗಿಯೇ ಫಲ ಕಾಣಲು ವಾರಗಳಲ್ಲ, ತಿಂಗಳುಗಳು ಬೇಕು.

ಈ ಔಷಧಿಯ ಪೂರ್ವೋತ್ತರ ಜೋಳದ ನಾಡಿನವಳಾದ ನನಗೆ ವಿಶೇಷವಾಗಿ ಹಿಡಿಸಿತು. ಇಟಲಿಯಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರಿಗೆ ಪೆಲ್ಲಾಗ್ರ ಎಂಬ ರೋಗ ಬರುತ್ತಿತ್ತು. ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಕೆಂಪೇರಿ ಸುಲಿಯುತ್ತಿತ್ತು. ಬೂಷ್ಟು ಹಿಡಿದ ಕಾಳೇ ಕಾರಣವಿರಬೇಕೆಂದು ಊಹಿಸಿದ ಬಾರ್ತೊಲೊಮಿಯೊ ಗೋಸಿಯೊ ಎಂಬ ವೈದ್ಯ 1893ರಲ್ಲಿ ಆ ಬೂಷ್ಟಿನಿಂದ ಒಂದು ಆಮ್ಲವನ್ನು ಹರಳುಗಟ್ಟಿಸಿ ತೆಗೆದ. ಅವನ ಊಹೆ ತಪ್ಪಾಗಿತ್ತು. ಪೆಲ್ಲಾಗ್ರಕ್ಕೆ ಕಾರಣ ಬೂಷ್ಟಲ್ಲ, ನಯಾಸಿನ್ ಎಂಬ ಜೀವಸತ್ವದ ಕೊರತೆ ಎಂದು ಮುಂದೆ ತಿಳಿಯಿತು. ನಮ್ಮ ದಖ್ಖನಿನಲ್ಲಿ ಬಿಳಿಜೋಳವನ್ನೇ ಉಣ್ಣುವ ಬಡವರಲ್ಲೂ ಈ ರೋಗ ಕಾಣಿಸಿತ್ತು. ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಅವರು ಅದರ ಕಾರಣವನ್ನು ಅರಸಿ 1960ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾದದ್ದು. ಗೋಸಿಯೊ ತೆಗೆದ ಹರಳು ಮಾತ್ರ ದಶಕಗಟ್ಟಲೆ ಯಾರಿಗೂ ಬೇಡದ ವಸ್ತುವಾಗಿ ಉಳಿಯಿತು. ಕೊನೆಗೆ ಆಂಥೊನಿ ಆಲಿಸನ್ ಮತ್ತು ಎಲ್ಸಿ ಯೂಗಿ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಮೈಗೆ ಹಿಡಿಯುವ ಔಷಧಿಯಾಗಿ ಮಾರ್ಪಡಿಸಿದರು. 1995ರಲ್ಲಿ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಕೊಡಲು ಅಮೆರಿಕದಲ್ಲಿ ಅನುಮತಿ ದೊರೆಯಿತು. 2000ದಲ್ಲಿ ಹಾಂಗ್‌ಕಾಂಗಿನ ವೈದ್ಯರು ಲೂಪಸ್‌ನಿಂದ ಮೂತ್ರಪಿಂಡ ಕೆಟ್ಟ 42 ಮಂದಿಯಲ್ಲಿ ಇದನ್ನು ಹಳೆಯ ಔಷಧಿಯಾದ ಸೈಕ್ಲೊಫಾಸ್ಫಮೈಡ್‌ನೊಂದಿಗೆ ಹೋಲಿಸಿ, ಇದು ಅದಕ್ಕೆ ಸರಿಸಮವೆಂದು ತೋರಿಸಿದರು. ಹಳೆಯದು ಹೆಣ್ಣಿನ ಅಂಡಾಶಯವನ್ನೇ ಬತ್ತಿಸಬಲ್ಲದು. ಇಪ್ಪತ್ತೇಳರ ಹೆಂಗಸಿಗೆ ಇದು ಎಂಥ ಸುದ್ದಿಯೆಂದು ನೀವೇ ಊಹಿಸಿಕೊಳ್ಳಿ. ತಪ್ಪು ಪ್ರಶ್ನೆಗೆ ಸಿಕ್ಕ ಉತ್ತರವೊಂದು ನೂರು ವರ್ಷ ಕಾದಿದ್ದು ನನ್ನಂಥವಳ ಬಾಯಿಗೆ ಬಂದಿತು.

ಗುಳಿಗೆಯೊಂದಿಗೆ ಒಂದು ದಿನಚರಿಯೂ ಬಂದಿತು. ಕೊಡೆಯಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಕುದಿಸಿ ಆರಿಸಿದ ನೀರು. ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ. ಹಗ್ಗ ಹಾಕಿದ ನಾಯಿ ಬೊಗಳುವುದೂ ಮೆಲ್ಲಗೆ. ರಕ್ತದೊತ್ತಡ ಹಿಡಿತದಲ್ಲಿರಬೇಕು, ರಕ್ತ, ಮೂತ್ರಗಳ ಪರೀಕ್ಷೆ ತಪ್ಪಬಾರದು. ಸಜೀವ ರೋಗಾಣುವಿನ ಲಸಿಕೆಗಳು ಕೂಡದು; ಉಳಿದವನ್ನು ಕೇಳಿ ಹಾಕಿಸಿಕೊಳ್ಳಬೇಕು. ಸಿರುಗುಪ್ಪದಲ್ಲಿ ನಾಟಿಯ ಕಾಲದಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದ ಹೆಣ್ಣಾಳುಗಳು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದನ್ನು ಚಿಕ್ಕಂದಿನಿಂದ ಕಂಡವಳು ನಾನು. ನೊಂದ ಮೂತ್ರಪಿಂಡಕ್ಕೆ ಅಂಥ ಗುಳಿಗೆಗಳಲ್ಲಿ ಅನೇಕವು ಶತ್ರುಗಳೆಂಬುದು ಆಮೇಲೆ ತಿಳಿಯಿತು. ಮೊದಲ ತಿಂಗಳುಗಳಲ್ಲಿ ಹೊಟ್ಟೆ ಕೆಟ್ಟು, ತರಗತಿಯ ನಡುವೆ ಹೊರಗೆ ಓಡಿದ್ದೂ ಉಂಟು. ಇದೆಲ್ಲದರ ಫಲವಾಗಿ 2014ರ ಹೊತ್ತಿಗೆ ಊತವಿಲ್ಲ, ನೊರೆಯಿಲ್ಲ. ಪ್ರೋಟೀನು ಬಹುಪಾಲು ಸರಿಯಾಗಿತ್ತು.

ಇನ್ನು ನನ್ನ ತಪ್ಪಿನ ಮಾತು. ಈ ಗುಳಿಗೆ ನುಂಗುತ್ತಿರುವಾಗ ಬಸಿರಾಗಬಾರದು, ಗರ್ಭಕ್ಕೆ ಊನವಾಗುತ್ತದೆ ಎಂದು ವೈದ್ಯರು ಮೊದಲ ದಿನವೇ ಎಚ್ಚರಿಸಿದ್ದರು. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ಅತ್ತೆಯವರು ಕೆಟ್ಟವರಲ್ಲ, ಒಂದು ಕಟುನುಡಿ ಆಡಿದವರಲ್ಲ. ಒಂದು ಸಂಜೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ, ತಲೆಯೆತ್ತದೆ ಅಂದರು: "ಮೈಯಾಗ ಆರಾಮೈತಲ್ಲವ್ವ, ಇನ್ಯಾಕ ಆ ಗುಳಿಗಿ?" ಆ ಪ್ರಶ್ನೆ ಅವರದಷ್ಟೇ ಆಗಿದ್ದರೆ ಉತ್ತರಿಸುತ್ತಿದ್ದೆ. ಅದು ನನ್ನದೂ ಆಗಿತ್ತು. ಯಾರಿಗೂ ಹೇಳದೆ, ಗಂಡನಿಗೂ ಹೇಳದೆ, ಗುಳಿಗೆ ನಿಲ್ಲಿಸಿದೆ. ವೈದ್ಯರನ್ನು ಕೇಳಿದರೆ ಬೇಡವೆನ್ನುತ್ತಾರೆ ಎಂಬ ಭಯದಿಂದ ಕೇಳಲೇ ಇಲ್ಲ. ಮೂರು ತಿಂಗಳು ಬಲು ಸುಖವಾಗಿದ್ದೆ. ಗುಳಿಗೆಯಿಲ್ಲದೆಯೂ ಆರಾಮಿರಬಲ್ಲೆ ಎಂಬ ಹೆಮ್ಮೆ ಬೇರೆ. ಐದನೆಯ ತಿಂಗಳಲ್ಲಿ ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿದ್ದವು.

ಎರಡನೆಯ ಬಾರಿ ಸೂಜಿ ಹಾಕಿ ನೋಡಿದಾಗ ಕೆಲವು ಜರಡಿಗಳು ಗಾಯ ಮಾಗಿ ಗಂಟಾಗಿದ್ದವು. ಉರಿಯನ್ನು ಔಷಧಿ ಆರಿಸಬಲ್ಲದು. ಗಂಟಾದದ್ದನ್ನು ಮತ್ತೆ ಜರಡಿ ಮಾಡಲಾರದು. ಅಂದು ಕಳೆದುಕೊಂಡಷ್ಟು ಮೂತ್ರಪಿಂಡ ನನಗೆ ಇಂದಿಗೂ ಮರಳಿಲ್ಲ. ವೈದ್ಯರು ಸಿಟ್ಟಾಗಲಿಲ್ಲ. "ಮಗು ಬೇಕೆಂದು ನೀವು ಹೇಳಿದ್ದರೆ ದಾರಿ ಇತ್ತಲ್ಲ ತಾಯಿ" ಎಂದರು. ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ದಾರಿ ನಿಜವಾಗಿಯೂ ಇತ್ತು. ಮತ್ತೆ ಎರಡು ವರ್ಷ ಮೈಕೋಫಿನೊಲೇಟ್ ನುಂಗಿ ರೋಗ ತಣ್ಣಗಾದ ಮೇಲೆ, ಅದರ ಬದಲಿಗೆ ಅಜಥಯೊಪ್ರಿನ್ ಎಂಬ ಗುಳಿಗೆ ಕೊಟ್ಟರು. ಅದು ಬಸಿರಿನಲ್ಲೂ ಕೊಡಬಹುದಾದದ್ದು. ಹಳೆಯ ಗುಳಿಗೆ ಬಿಟ್ಟು ಕಡೆಯ ಪಕ್ಷ ಆರು ವಾರವಾಗಿರಬೇಕು, ರೋಗ ಆರು ತಿಂಗಳಾದರೂ ಸುಮ್ಮನಿರಬೇಕು ಎಂಬುದು ನಿಯಮ. ನಾವು ಒಂದು ವರ್ಷವೇ ಕಾದೆವು. ಈ ಎರಡನೆಯ ಗುಳಿಗೆ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಬಂದದ್ದು. ಎಲಿಯನ್ ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಕೆಲಸ ಸಿಗದೆ ಅಲೆದವರು, ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದವರು, ಪಿಎಚ್.ಡಿ. ಮುಗಿಸದೆಯೇ 1988ರಲ್ಲಿ ನೊಬೆಲ್ ಬಹುಮಾನ ಪಡೆದವರು. ಅವರ ಭಾವಚಿತ್ರವನ್ನು ಪತ್ರಿಕೆಯೊಂದರಲ್ಲಿ ಕಂಡು ಕತ್ತರಿಸಿ ಇಟ್ಟುಕೊಂಡಿದ್ದೇನೆ. 2019ರಲ್ಲಿ ನನ್ನ ಮಗಳು ಹುಟ್ಟಿದಳು. ದಿನ ತುಂಬುವುದಕ್ಕೆ ಮೂರು ವಾರ ಮೊದಲು, ಆದರೆ ಒಳ್ಳೆಯ ಕಂಠದೊಂದಿಗೆ.

ಕೇಳುಗರೇ, ನಾನು ವೈದ್ಯಳಲ್ಲ. ನನಗೆ ಹೊಂದಿದ ಗುಳಿಗೆ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ನಾನು ಹೇಳಬಲ್ಲದ್ದು ಇಷ್ಟೆ. ಇಂಥ ರೋಗದಲ್ಲಿ ಆರಾಮವೆಂಬುದು ಔಷಧಿ ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಔಷಧಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಬಿಡುವ ಕಾಲ ಬರಬಹುದು. ಮೂರು ವರ್ಷವಾದರೂ ಕಳೆದ ಮೇಲೆ, ಮೆಲ್ಲ ಮೆಲ್ಲನೆ, ವೈದ್ಯರ ಕಣ್ಣೆದುರಿಗೆ ಬರಬೇಕು. ಮತ್ತೊಂದು ಮಾತು: ನಮ್ಮ ಹೆಣ್ಣುಮಕ್ಕಳು ಔಷಧಿ ಬಿಡುವುದು ಮರೆವಿನಿಂದಲೇ ಅಲ್ಲ, ಬಾಯಿಬಿಟ್ಟು ಕೇಳಲಾಗದ ಒಂದು ಆಸೆಯಿಂದಲೂ ಹೌದು. ಆ ಆಸೆಯನ್ನು ವೈದ್ಯರ ಮುಂದೆ ಇಡಿ. ಮನೆಯವರೂ ಇಡಗೊಡಿ.

ಈಗ ನಮ್ಮ ಮನೆಯಲ್ಲಿ ರಾತ್ರಿ ಎಂಟರ ಗಂಟೆಯನ್ನು ಕಾಯುವವರು ಅತ್ತೆಯವರೇ. ಅವರಿಗೆ ಗಡಿಯಾರ ಸರಿಯಾಗಿ ಕಾಣುವುದಿಲ್ಲ, ಬೀದಿಯಲ್ಲಿ ಕೊನೆಯ ಬಸ್ಸಿನ ಸದ್ದು ಕೇಳಿದೊಡನೆ ಒಳಗಿನಿಂದ ಕೂಗುತ್ತಾರೆ: "ಎಂಟಾತು ನೋಡವ್ವ, ಗುಳಿಗಿ ತಗೊಂಡಿ ಏನು?" ಬಸ್ಸು ತಡವಾದ ದಿನ ಅವರ ಕೂಗೂ ತಡವಾಗುತ್ತದೆ. ಅಷ್ಟರಲ್ಲಿ ನಾನು ನುಂಗಿ ಮುಗಿಸಿರುತ್ತೇನೆ. ಆದರೂ ಹಾಗೆಂದು ಹೇಳುವುದಿಲ್ಲ. ಇಗೋ ಈಗ ತಗೊಂಡೆ ಅತ್ತೆ, ಎನ್ನುತ್ತೇನೆ.