ಹಳೆಯ ಹಲಗೆ, ಹೊಸ ಸವಾರ

ಸರ್ಫಿಂಗ್ ಅಂದರೆ ಅಲೆಸವಾರಿ ಹವಾಯಿ ದ್ವೀಪಗಳ ಪುರಾತನ ವಿದ್ಯೆ. ಅಲ್ಲಿ ಉದ್ದನೆಯ ‘ಓಲೊ’ ಹಲಗೆ ಅರಸು ಮನೆತನದ್ದು. ಗಿಡ್ಡ ‘ಅಲಾಯ’ ಎಲ್ಲರದು. ಎರಡೂ ಮರದವು. 1958ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಮರದ ಬದಲು ಪಾಲಿಯುರೆಥೇನ್ ಫೋಮ್ ಬಳಸಿದರು. ಒಳಗೆ ಫೋಮಿನ ತಿರುಳು, ಹೊರಗೆ ಫೈಬರ್‌ಗ್ಲಾಸಿನ ಕವಚ: ಇಂದಿಗೂ ಅನೇಕ ಹಲಗೆಗಳ ರಚನೆ ಇದೇ.

ಲಾಂಗ್‌ಬೋರ್ಡ್ ಸಾಮಾನ್ಯವಾಗಿ 9 ಅಡಿ ಅಥವಾ ಅದಕ್ಕೂ ಉದ್ದ. ಉದ್ದ, ಅಗಲ, ದಪ್ಪ ಹೆಚ್ಚಿದಷ್ಟೂ ಚೆನ್ನಾಗಿ ತೇಲುತ್ತದೆ, ಸಣ್ಣ ಅಲೆಯನ್ನೂ ಹಿಡಿಯುತ್ತದೆ. ಕಲಿಯುವವರಿಗೆ ಬೇಕಾದದ್ದು ಅದೇ.

ಆದರೆ ಹಳೆಯದನ್ನು ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ಬಿಸಿಲಿಗೆ ಹಳದಿಯಾಗುವುದು ಸಹಜ; ನಿಜವಾದ ಶತ್ರು ಬಿರುಕು. ಕೂದಲೆಳೆಯಷ್ಟು ಸಂದಿಯಿಂದಲೂ ಉಪ್ಪುನೀರು ಫೋಮಿಗೆ ಇಳಿಯುತ್ತದೆ. ಹಲಗೆ ಭಾರವಾಗುತ್ತದೆ, ಕವಚ ತಿರುಳಿನಿಂದ ಕಳಚಿಕೊಳ್ಳುತ್ತದೆ. ಮೇಲೆ ಬಳಿದ ಮೇಣ ಈ ಬಿರುಕುಗಳನ್ನು ಮುಚ್ಚಿಡಬಹುದು. ಅದನ್ನು ಕೆರೆಸಿ, ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಮೆತ್ತಗಾದ ಜಾಗ ತಾನೇ ಗುಟ್ಟು ಬಿಟ್ಟುಕೊಡುತ್ತದೆ. ಅಡ್ಡಲಾಗಿ ಮುರಿದು ಬೆಸೆದ ಗುರುತು, ಬುಡ ಸಡಿಲಾದ ಫಿನ್ ಕಂಡರೆ, ಎಷ್ಟೇ ಅಗ್ಗವಾದರೂ ಬೇಡ.

ಗೀರು, ಗಟ್ಟಿ ತೇಪೆಗಳಿಗೆ ಅಂಜಬೇಕಿಲ್ಲ. ಕಲಿಯುವವರ ಕೈಯಲ್ಲಿ ಹೊಸ ಹಲಗೆಗೂ ಅವು ತಪ್ಪಿದ್ದಲ್ಲ.